‘ಊಟಾ ಆತೇನ್ರಿ’ ಅನ್ನುತ್ತಿದ್ದ ಪರದೆ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಗದಗ-ಬೆಟಗೇರಿಯ ಒಂದು ನೂಲಿನ ಗಿರಣಿಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಹೀಗೆ ಹೇಳಿದರೆ ದೊಡ್ಡ ಹುದ್ದೆ ಅನ್ನಿಸುತ್ತದೆ, ಆಗ ನಮ್ಮ ನೆಂಟರಿಗೂ ಹಾಗೇ ಅನ್ನಿಸಿತ್ತು. ಖರೆ ಹೇಳಬೇಕೆಂದರೆ, ಟೈಪಿಂಗ್ ಪರೀಕ್ಷೆ ಪಾಸಾಗಿದ್ದ ಒಬ್ಬ ಗುಮಾಸ್ತೆಯನ್ನು ತಣ್ಣನೆಯ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದ್ದರು, ಅಷ್ಟೇ.

ಬಾಗಿಲು ಹಾಕಿದ್ದಕ್ಕೆ ಕಾರಣವಿತ್ತು. ಗಿರಣಿಯಲ್ಲಿ ಎಲ್ಲಿ ನೋಡಿದರೂ ಅರಳೆಯ ಎಳೆ. ಹುಬ್ಬಿನ ಮೇಲೆ, ಮೂಗಿನಲ್ಲಿ, ಚಹಾದ ಕಪ್ಪಿನಲ್ಲಿ. ಅದು ಯಂತ್ರದ ಹೊಟ್ಟೆಗೆ ಹೋದರೆ ಯಂತ್ರ ಕೆಡುತ್ತದೆಂದು ಮ್ಯಾನೇಜರ್ ಸಾಹೇಬರು ಆ ಕೋಣೆಗೆ ಎರಡು ಬಾಗಿಲು ಮಾಡಿಸಿದ್ದರು. ಚಪ್ಪಲಿ ಹೊರಗೆ ಬಿಡಬೇಕು. ಕೆಲಸವಿಲ್ಲದವರು ಒಳಗೆ ಬರುವಂತಿಲ್ಲ. ಕೆಲಸವಿದ್ದವರೂ ಕಾಗದವನ್ನು ಕಿಟಕಿಯಲ್ಲಿ ಕೊಟ್ಟು ಹೋಗುತ್ತಿದ್ದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಖರೀದಿ ಕೇಂದ್ರಗಳಿಂದ ಎಷ್ಟು ಹತ್ತಿ ಬಂತೆಂದು ದಿನಾ ಫೋನಿನಲ್ಲಿ ಬರೆದುಕೊಂಡ ಚೀಟಿ, ಯಾವ ಪಾಳಿಯಲ್ಲಿ ಎಷ್ಟು ನೂಲು ಇಳಿಯಿತೆಂಬ ಚೀಟಿ. ಕೈ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ನಾನು ಕೈಗಳನ್ನು ನೋಡಿಯೇ ಯಾರೆಂದು ಗುರುತಿಸುವಷ್ಟು ನಿಷ್ಣಾತಳಾಗಿದ್ದೆ.

ನಮ್ಮದು ಲಕ್ಷ್ಮೇಶ್ವರದ ಮನೆತನ. ಅಜ್ಜನಿಗೆ ಗುಡಿಯ ಸೇವೆ, ಅಪ್ಪನಿಗೆ ಮಾಸ್ತರಿಕೆ. ಅಪ್ಪ ಅವ್ವ ಇಬ್ಬರೂ ತೀರಿಕೊಂಡ ಮೇಲೆ ಅಣ್ಣ ಅಲ್ಲಿಯ ಮನೆ ಬಾಡಿಗೆಗೆ ಕೊಟ್ಟು ಶಿರಹಟ್ಟಿಯಲ್ಲಿ ಸರ್ಕಾರಿ ನೌಕರಿ ಮಾಡಿಕೊಂಡು ಇದ್ದ. ನನಗೆ ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳುವವರು ಆಗಲೂ ಬಹಳ ಇದ್ದರು, ಅವರಿಗೆ ಹೇಳದ್ದನ್ನು ಈಗೇಕೆ ಹೇಳಲಿ? ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ರಜೆಗೆ ಶಿರಹಟ್ಟಿಗೆ ಹೋದರೆ ಅಣ್ಣನ ಹೆಂಡತಿ, ನಮ್ಮ ವೈನಿ, ಬಾಗಿಲಲ್ಲೇ, “ಯಾವಾಗ ಬಂದ್ರಿ?” ಅನ್ನುತ್ತಿದ್ದಳು. ನಾನು ಚೀಲ ಕೆಳಗಿಡುವಷ್ಟರಲ್ಲಿ, “ನಾಳಿ ಮುಂಜಾನಿ ಬಸ್ಸಿಗೇ ಹೊಂಟ್ರ್ಯಾ?” ಎಂದೂ ಕೇಳುತ್ತಿದ್ದಳು. ಕೆಟ್ಟವಳಲ್ಲ. ಮನೆ ಸಣ್ಣದು, ಮಕ್ಕಳು ಮೂವರು. ನಾನು ಮುಂಜಾನೆಯ ಬಸ್ಸಿಗೇ ಹೊರಡುತ್ತಿದ್ದೆ.

ಯಂತ್ರವನ್ನು ಕೂರಿಸಿಕೊಟ್ಟವನು ಹುಬ್ಬಳ್ಳಿಯಿಂದ ಬಂದ ಒಬ್ಬ ಎಂಜಿನಿಯರ್. ನನಗಿಂತ ಒಂದೆರಡು ವರ್ಷ ಚಿಕ್ಕವನಿದ್ದಾನು. ಕಪಾಟಿನಂಥ ಯಂತ್ರ, ಅದಕ್ಕೆ ತಂತಿ ಎಳೆದು ಬೇರೆ ಬೇರೆ ಕಡೆ ಇಟ್ಟ ಟರ್ಮಿನಲ್ಲುಗಳು. ಟರ್ಮಿನಲ್ ಅಂದರೆ ಒಂದು ಪರದೆ, ಒಂದು ಕೀಲಿಮಣೆ. ಪಗಾರ ವಿಭಾಗದವರು, ಗೋದಾಮಿನವರು ತಮ್ಮ ಹೆಸರು ಹೊಡೆದರೆ ನೆಟ್ಟಗೆ ಅವರವರ ಮೆನು ಬರುತ್ತಿತ್ತು. ಒಂದನೆಯದು ಇದು, ಎರಡನೆಯದು ಅದು. ಅದರಾಚೆ ಅವರಿಗೆ ಲೋಕವಿಲ್ಲ. ನನ್ನೊಬ್ಬಳಿಗೆ ಮಾತ್ರ ಶೆಲ್ ಬರುತ್ತಿತ್ತು. ಶೆಲ್ ಅಂದರೆ ನಾವು ಹೊಡೆದ ಆಜ್ಞೆಯನ್ನು ಓದಿ ಯಂತ್ರಕ್ಕೆ ಒಪ್ಪಿಸುವ ಪ್ರೋಗ್ರಾಂ. ಒಂದು ಡಾಲರ್ ಗುರುತು ಮೂಡಿಸಿ, ಏನಪ್ಪಣೆ ಅನ್ನುವ ಹಾಗೆ ಕಾಯುತ್ತ ಕೂರುತ್ತದೆ.

ಎಂಜಿನಿಯರ್ ಎರಡು ವಾರ ಇದ್ದ. ಖಾನಾವಳಿಯ ರೊಟ್ಟಿ ಉಂಡು ಬಂದು, ಕೋಣೆಯೊಳಗೆ ಕಾಲಿಡುವಾಗಲೇ, “ಊಟಾ ಆತೇನ್ರಿ?” ಅನ್ನುತ್ತಿದ್ದ. ನಾನು ತಪ್ಪು ಆಜ್ಞೆ ಹೊಡೆದರೆ ನಗುತ್ತಿರಲಿಲ್ಲ. ಅದೊಂದೇ ಗುಣಕ್ಕೆ ಅವನನ್ನು ಮೆಚ್ಚಬಹುದಿತ್ತು. ಹೋಗುವ ದಿನ ಹೇಳಿದ:

“ನಿಮ್ಮ ಹೆಸರಿನ್ಯಾಗ ಒಂದು ಫೈಲ್ ಇಟ್ಟೀನ್ರಿ. ಡಾಟ್ ಪ್ರೊಫೈಲ್ ಅಂತ. ಚುಕ್ಕಿಯಿಂದ ಸುರು ಆಗತೈತಲ್ಲ, ಅದಕ್ಕ ಯಾದಿ ಒಳಗ ಕಾಣಂಗಿಲ್ಲ. ನೀವು ಲಾಗಿನ್ ಆದ ಕೂಡ್ಲೆ ಶೆಲ್ಲು ಅದನ್ನ ಓದತೈತಿ. ನಿಮಗ ಏನೇನ ಬೇಕೋ ಎಲ್ಲಾ ಅದರಾಗ ಹಾಕೀನಿ. ಮುಟ್ಟಾಕ ಹೋಗಬ್ಯಾಡ್ರಿ.”

ಮರುದಿನ ಮುಂಜಾನೆ ನಾನು ಬಂದು, ಚಪ್ಪಲಿ ಬಿಟ್ಟು, ಹೆಸರು ಹೊಡೆದು, ಗುಪ್ತಪದ ಹೊಡೆದೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು ಮೂಡಿತು:

“ಬರ್ರಿ. ಕುಂಡ್ರಿ. ಊಟಾ ಆತೇನ್ರಿ?”

ಅದರ ಕೆಳಗೆ ಡಾಲರ್.

ನಾನು ಹಿಂದೆ ತಿರುಗಿ ನೋಡಿದೆ, ಯಾರಾದರೂ ನಿಂತಿದ್ದಾರೇನೋ ಎಂದು. ಯಾರೂ ಇಲ್ಲ. ಕೋಣೆ ತಣ್ಣಗೆ ಗುಂಯ್ಗುಡುತ್ತಿತ್ತು. ಅವನು ನನ್ನ ಹೆಸರಿನ ಫೈಲಿನಲ್ಲಿ ಇದನ್ನು ಬರೆದಿಟ್ಟು ಹೋಗಿದ್ದಾನೆ ಅನ್ನಿಸಿ ಕಿವಿ ಬಿಸಿಯಾಯಿತು. ನಿಮಗ ಏನೇನ ಬೇಕೋ ಎಲ್ಲಾ, ಅಂದಿದ್ದನಲ್ಲ. ನನಗೆ ಇದು ಬೇಕೆಂದು ಅವನಿಗೆ ಹೇಗೆ ತಿಳಿಯಿತು?

ಇದನ್ನು ಪ್ರೇಮ ಎಂದು ಕರೆಯುವವರು ಕರೆಯಲಿ, ಬಾಯಿ ಅವರದು. ಅವನ ಮುಖ ಎರಡು ತಿಂಗಳಲ್ಲೇ ಮಸುಕಾಗಿತ್ತು. ಉಳಿದದ್ದು ಆ ಒಂದು ಸಾಲು. ದಿನ ಬೆಳಗಾದರೆ ಒಂದು ಕಡೆ ನನ್ನನ್ನು, ನನ್ನನ್ನೇ, ಕೇಳುವವರಿದ್ದಾರೆ ಅನ್ನುವುದು. ಓಣಿಯಲ್ಲಿ ಮಗ್ಗದ ಸದ್ದಿಗೆ ಎದ್ದು, ಹಿಂದಿನ ದಿನದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಡಬ್ಬಿಗೆ ತುಂಬಿ, ಗಿರಣಿಯ ಭೋಂಗಾ ಕೂಗುವ ಮೊದಲೇ ಹೋಗಿ ಕೂರುತ್ತಿದ್ದೆ. ಮ್ಯಾನೇಜರ್ ಸಾಹೇಬರು, “ಭಾಳ ನಿಷ್ಠಾ ಅದ ನಿಮ್ಮದು” ಅಂದರು. ಅವರಿಗೇನು ಗೊತ್ತು.

ಒಬ್ಬಂಟಿಯಾದವರಿಗೆ ಸಣ್ಣ ವಿಷಯವನ್ನು ಹತ್ತು ಸಲ ತಿರುವಿ ನೋಡಲು ಹೊತ್ತಿರುತ್ತದೆ. ಆ ಸಾಲು ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ನಾನು ನೋಡತೊಡಗಿದೆ. ನನ್ನ ಕೋಣೆಯಲ್ಲಿ ಎರಡು ಟರ್ಮಿನಲ್ ಇದ್ದವು. ಎರಡರಲ್ಲಿ ಯಾವುದರಿಂದ ಲಾಗಿನ್ ಆದರೂ ಕೇಳುತ್ತಿತ್ತು. ಆದರೆ ಕಾಗದಪತ್ರ ಬರೆಯುವ ಪ್ರೋಗ್ರಾಮಿನ ಒಳಗಿದ್ದುಕೊಂಡೇ ಇನ್ನೊಂದು ಶೆಲ್ ಕರೆಸಿಕೊಳ್ಳಬಹುದಿತ್ತು. ಹಾಗೆ ಕರೆಸಿದಾಗ ಪರದೆ ಏನೂ ಕೇಳುತ್ತಿರಲಿಲ್ಲ, ಬರೀ ಡಾಲರ್. ಮೊದಲ ಸಲ ಹೀಗಾದಾಗ ಗಾಬರಿಯಾದೆ. ಆಮೇಲೆ ತಿಳಿಯಿತು: ಹೊಸ್ತಿಲು ದಾಟಿ ಬಂದವರನ್ನು ಕೇಳುತ್ತಾರೆ, ಅಡಿಗೆಮನೆಯಿಂದ ಪಡಸಾಲೆಗೆ ಬಂದವರನ್ನು ಯಾರು ಕೇಳುತ್ತಾರೆ? ಲಾಗಿನ್ ಆಗಿ ಬಂದ ಶೆಲ್ ಮಾತ್ರ ಆ ಫೈಲನ್ನು ಓದುತ್ತದೆ. ಒಳಗೇ ಹುಟ್ಟಿದ ಶೆಲ್ ಓದುವುದಿಲ್ಲ. ಹಾಗಾಗಿ ಮಧ್ಯಾಹ್ನ ಬೇಸರವಾದರೆ ನಾನು ಸುಮ್ಮಸುಮ್ಮನೆ ಶೆಲ್ಲಿನಿಂದ ಹೊರಗೆ ಹೋಗಿ ಮತ್ತೆ ಲಾಗಿನ್ ಆಗುತ್ತಿದ್ದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೂ ಬರೆದೆ.

ಆ ನಡುವೆ ಒಂದು ಕೆಲಸ ಕೆಟ್ಟಿತು. ಹಿಂದಿನ ದಿನದ ನೂಲಿನ ಲೆಕ್ಕ ಮುಂಜಾನೆ ತಾನೇ ಅಚ್ಚಾಗಿ ಬಿದ್ದಿರಬೇಕೆಂದು ಸಾಹೇಬರ ಅಪ್ಪಣೆ. ಯಂತ್ರಕ್ಕೆ ಹೊತ್ತು ಹೇಳಿಟ್ಟರೆ ಆ ಹೊತ್ತಿಗೆ ತಾನೇ ಮಾಡುವ ವ್ಯವಸ್ಥೆ ಇತ್ತು. ನಾನು ಹೇಳಿಟ್ಟೆ. ಮುಂಜಾನೆ ಬಂದು ನೋಡಿದರೆ ಕಾಗದ ಬೆಳ್ಳಗೆ. ಪ್ರೋಗ್ರಾಮೇ ಸಿಗಲಿಲ್ಲ ಎಂದು ಯಂತ್ರದ ದೂರು. ನನ್ನ ಕೈಯಿಂದ ಹೊಡೆದರೆ ಅದೇ ಆಜ್ಞೆ ಸರಾಗ ನಡೆಯುತ್ತದೆ! ಮೂರು ದಿನ ಹೀಗೇ ಆದಾಗ ಸಾಹೇಬರು ಹುಬ್ಬಳ್ಳಿಗೆ ಟ್ರಂಕ್ ಕಾಲ್ ಮಾಡಿಸಿ ನನ್ನ ಕೈಗೆ ಫೋನ್ ಕೊಟ್ಟು ಪಕ್ಕದಲ್ಲೇ ನಿಂತರು.

“ಅದು ನಿಮ್ಮಂಗ ಮುಂಚಿ ಬಾಗಲದಾಗ ಬರಂಗಿಲ್ರಿ,” ಅಂದ ಆ ಕಡೆಯಿಂದ. ಧ್ವನಿ ಬಾವಿಯೊಳಗಿಂದ ಬಂದಂತಿತ್ತು. “ಹಿತ್ತಲ ಬಾಗಲದಾಗ ಬಂದು ಕೆಲಸಾ ಮಾಡಿ ಹೋಗ್ತೈತಿ. ಲಾಗಿನ್ ಇಲ್ಲ, ಪ್ರೊಫೈಲ್ ಓದಂಗಿಲ್ಲ. ಪ್ರೋಗ್ರಾಂ ಎಲ್ಲಿ ಐತಿ ಅಂತ ನಿಮ್ಮ ಪ್ರೊಫೈಲಿನ್ಯಾಗ ಬರದೇತಿ, ಅದಕ್ಕ ಗೊತ್ತಾಗಬೇಕಲ್ಲ? ಪೂರಾ ದಾರಿ ಬರದ ಕೊಡ್ರಿ ಅದಕ್ಕ.”

“ಆತ್ರಿ,” ಅಂದೆ.

ಆ ಸಾಲಿನ ಬಗ್ಗೆ ಒಂದು ಮಾತು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಸಾಹೇಬರು. ಏನಂತ ಕೇಳುವುದು? ನನ್ನ ಊಟದ ಚಿಂತೆ ನಿಮಗ್ಯಾಕ್ರಿ ಅಂತಲೇ? ಫೋನ್ ಇಟ್ಟೆ. ಪೂರಾ ದಾರಿ ಬರೆದು ಕೊಟ್ಟ ಮೇಲೆ ಲೆಕ್ಕ ಸರಿಯಾಗಿ ಬಂತು.

ಮರುವರ್ಷ ಯಂತ್ರಗಳ ಬಿಡಿಭಾಗ ಇಡುವ ಸ್ಟೋರಿಗೂ ಒಂದು ಟರ್ಮಿನಲ್ ಬಂತು. ಅಲ್ಲಿಯ ಸ್ಟೋರ್‌ಕೀಪರ್ ಮುಂಡರಗಿಯವರು, ವಯಸ್ಸಾದ ಮುಸಲ್ಮಾನರು. ಗಿರಣಿಯ ಖರೀದಿ ಕೇಂದ್ರದಲ್ಲಿ ಬಹಳ ವರ್ಷ ಹತ್ತಿ ಆರಿಸಿ, ಆಸ್ತಮಾ ಹತ್ತಿದ ಮೇಲೆ ಇಲ್ಲಿಗೆ ಬಂದಿದ್ದರು. ಹೆಂಡತಿ ತೀರಿಹೋಗಿದ್ದರು, ಹೆಣ್ಣುಮಕ್ಕಳು ಗಂಡನ ಮನೆಯಲ್ಲಿದ್ದರು. ಸ್ಟೇಶನ್ ಹತ್ತಿರ ಒಂದು ಕೋಣೆಯಲ್ಲಿ ಒಬ್ಬರೇ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಮರ್ಯಾದೆಯಿಂದ ಬಾಯಾರ ಅನ್ನುತ್ತಿದ್ದರು. ಅವರ ಕೈಯನ್ನು ಕಿಟಕಿಯಲ್ಲಿ ನೋಡಿದ್ದೆ. ಬಲಗೈಯ ಹೆಬ್ಬೆರಳಿಗೆ ಉಗುರಿರಲಿಲ್ಲ.

ಅವರಿಗೆ ಹೊಸ ಲಾಗಿನ್ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ದಪ್ಪ ಪುಸ್ತಕ ನೋಡಿಕೊಂಡು ಅವರ ಹೆಸರು ಸೇರಿಸಿದೆ. ಸ್ಟೋರಿನ ಮೆನು ಇನ್ನೂ ತಯಾರಾಗಿರಲಿಲ್ಲ, ಹಾಗಾಗಿ ಅವರಿಗೂ ನನ್ನಂತೆ ಶೆಲ್ಲೇ ಬರಬೇಕಿತ್ತು. ಅಲ್ಲಿಂದ ಒಂದು ಆಜ್ಞೆ ಹೊಡೆದು ಅವರು ತಮ್ಮ ಪ್ರೋಗ್ರಾಂ ಶುರು ಮಾಡಿಕೊಳ್ಳಬೇಕು. ಮೊದಲ ದಿನ ಅವರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಒಂದೊಂದು ಅಕ್ಷರವನ್ನು ಹುಡುಕಿ, ಬೀಡಿ ಆರಿಸುವಷ್ಟು ಜೋರಾಗಿ ಒತ್ತಿ, ತಮ್ಮ ಹೆಸರು ಹೊಡೆದರು. ಗುಪ್ತಪದ ಹೊಡೆದರು. ಪರದೆ ಕ್ಷಣ ಹೊತ್ತು ಕಪ್ಪಗಿತ್ತು. ಆಮೇಲೆ ಮೂಡಿತು:

“ಬರ್ರಿ. ಕುಂಡ್ರಿ. ಊಟಾ ಆತೇನ್ರಿ?”

ಅವರಿಗೆ ಇಂಗ್ಲಿಷ್ ಅಕ್ಷರ ಅಷ್ಟಿಷ್ಟು ಬರುತ್ತಿತ್ತು. ಬೆರಳಿಟ್ಟು ಓದಿದರು. ಓದಿ ಮುಗಿದದ್ದೇ ಮುಖ ತುಂಬ ನಕ್ಕರು. “ಅರೇ! ನೋಡ್ರಿ ಬಾಯಾರ, ಊಟಾ ಆತೇನಂತ ಕೇಳಾಕತ್ತೈತಿ ನನಗ!”

ನನಗೆ ನಗು ಬರಲಿಲ್ಲ. ಸ್ಟೂಲನ್ನು ಹತ್ತಿರ ಎಳೆದುಕೊಂಡು ಇನ್ನೊಮ್ಮೆ ಓದಿದೆ. ಅವರ ಹೆಸರಿನಲ್ಲಿ ನಾನಿನ್ನೂ ಯಾವ ಡಾಟ್ ಪ್ರೊಫೈಲೂ ಇಟ್ಟಿರಲಿಲ್ಲ. ಹಾಗಿದ್ದರೆ ಈ ಸಾಲು ಎಲ್ಲಿಂದ ಬಂತು?

ಕೋಣೆಗೆ ಬಂದು, ಮುಟ್ಟಬೇಡಿ ಅಂದಿದ್ದ ಫೈಲನ್ನು ತೆರೆದೆ. ಅಷ್ಟು ದಿನ ತೆರೆಯದೆ ಇದ್ದದ್ದು ಆಜ್ಞಾಪಾಲನೆಯಿಂದಲ್ಲ. ತೆರೆದರೆ ಸವೆದುಹೋದೀತು ಎಂದು. ಒಳಗೆ ಏನಿತ್ತು? ಪ್ರೋಗ್ರಾಂಗಳು ಎಲ್ಲಿವೆ ಅನ್ನುವ ಒಂದು ಸಾಲು. ಟರ್ಮಿನಲ್ ಯಾವ ಜಾತಿಯದು ಅನ್ನುವ ಒಂದು ಸಾಲು. ಯಾವ ಕೀಲಿ ಒತ್ತಿದರೆ ಅಕ್ಷರ ಅಳಿಯಬೇಕು ಅನ್ನುವ ಒಂದು ಸಾಲು. ಮುಗಿಯಿತು. ನನಗೆ ಏನೇನು ಬೇಕೋ ಎಲ್ಲವೂ ಅಷ್ಟೇ ಆಗಿತ್ತು.

ಪುಸ್ತಕ ತೆಗೆದೆ. ಸಣ್ಣಕ್ಷರದಲ್ಲಿ ಬರೆದಿದ್ದರು: ಲಾಗಿನ್ ಆದ ಶೆಲ್ ಅವರವರ ಪ್ರೊಫೈಲನ್ನು ಓದುವ ಮೊದಲು, ಎಲ್ಲರಿಗೂ ಒಂದೇ ಆದ ಸಾಮಾನ್ಯ ಪ್ರೊಫೈಲ್ ಒಂದನ್ನು ಓದುತ್ತದೆ. ಅದು ಯಾರ ಮನೆಯಲ್ಲೂ ಇರುವುದಿಲ್ಲ, ಇಟಿಸಿ ಎಂಬ ಬೇರೆ ಜಾಗದಲ್ಲಿರುತ್ತದೆ. ಅಲ್ಲಿ ಹೋಗಿ ನೋಡಿದೆ. ಇತ್ತು. ಅದೇ ಸಾಲು. ಪಗಾರದವರೂ ಗೋದಾಮಿನವರೂ ಅದನ್ನು ಯಾಕೆ ಕಾಣಲಿಲ್ಲ ಅನ್ನುವುದೂ ಆಗ ಹೊಳೆಯಿತು. ಅವರು ಶೆಲ್ಲಿನ ಮುಖವನ್ನೇ ನೋಡದೆ ನೆಟ್ಟಗೆ ಮೆನುವಿಗೆ ಹೋಗುತ್ತಾರೆ. ಆ ದಾರಿಯಲ್ಲಿ ಬರುವವಳು ನಾನೊಬ್ಬಳೇ ಇದ್ದೆ. ಅದಕ್ಕೇ ಅದು ನನ್ನದು ಅಂದುಕೊಂಡಿದ್ದೆ.

ನನ್ನ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಬೇರೆ ಸೀಮೆಯ ಹೆಣ್ಣಾಗಿದ್ದರೆ ಮಾಫಿ ಇತ್ತು. ನಮ್ಮ ಕಡೆ ‘ಊಟಾ ಆತೇನ್ರಿ’ ಅನ್ನುವುದು ಯಾರನ್ನು ಕೇಳುವುದಿಲ್ಲ? ಬಸ್ಸಿನ ಕಂಡಕ್ಟರನನ್ನು ಕೇಳುತ್ತೇವೆ, ಮುಳಗುಂದದಿಂದ ಬೆಣ್ಣೆ ತರುವವಳನ್ನು ಕೇಳುತ್ತೇವೆ, ಜಗಳ ಆಡಲು ಬಂದವರನ್ನೂ ಮೊದಲು ಅದನ್ನೇ ಕೇಳುತ್ತೇವೆ. ಕೇಳಿ ಉತ್ತರಕ್ಕೆ ನಿಲ್ಲುವುದಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು ಪರದೆಯ ಮೇಲೆ ಬಂದ ಕೂಡಲೇ ನನಗೊಬ್ಬಳಿಗೇ ಅಂದುಕೊಂಡೆನಲ್ಲ! ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ.

ಅಷ್ಟಾದರೂ ಸುಮ್ಮನಿರುತ್ತಿದ್ದೆನೇನೋ. ಆ ತಿಂಗಳು ಯಂತ್ರದ ದುರಸ್ತಿಗೆ ಹುಬ್ಬಳ್ಳಿಯಿಂದ ಬೇರೊಬ್ಬ ಬಂದ. ಹಳಬ ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದನಂತೆ. ಪರದೆ ನೋಡಿ ಇವನು ನಕ್ಕ. “ಇಲ್ಲೂ ಹಾಕ್ಯಾನೇನ್ರಿ? ಅಂವ ಕುಂದ್ರಿಸಿದ ಎಲ್ಲಾ ಮಷಿನ್ಯಾಗೂ ಇದ ಐತ್ರಿ. ದಾವಣಗೆರಿಯಾಗೂ ಐತಿ, ರಾಯಚೂರಾಗೂ ಐತಿ.”

ಅವನು ಹೋದ ಮೇಲೆ ಸಾಮಾನ್ಯ ಪ್ರೊಫೈಲನ್ನು ತೆರೆದು ಆ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿದೆ. ಆ ಗುರುತಿದ್ದರೆ ಶೆಲ್ ಆ ಸಾಲನ್ನು ದಾಟಿ ಹೋಗುತ್ತದೆ. ಅಳಿಸುವ ಅಗತ್ಯವಿಲ್ಲ, ಬಾಯಿ ಮುಚ್ಚಿಸಿದರೆ ಸಾಕು.

ಮರುದಿನ ಲಾಗಿನ್ ಆದೆ. ಬರೀ ಡಾಲರ್. ಇದೇ ಸರಿ ಅಂದುಕೊಂಡೆ. ಎರಡನೆಯ ದಿನ, ಮೂರನೆಯ ದಿನ. ಕೋಣೆಯ ಗುಂಯ್ ಸದ್ದು ಮೊದಲಿಗಿಂತ ಹೆಚ್ಚಾದಂತೆ ಕೇಳುತ್ತಿತ್ತು. ನಾನು ಭೋಂಗಾ ಕೂಗಿದ ಮೇಲೆ ಮನೆ ಬಿಡುವ ಹಾಗಾಯಿತು. ರಜೆಗೆ ಶಿರಹಟ್ಟಿಗೂ ಹೋಗಲಿಲ್ಲ. ಡಬ್ಬಿ ಕಟ್ಟುವುದು ಬೇಸರವಾಗಿ ಎಷ್ಟೋ ದಿನ ಮಧ್ಯಾಹ್ನ ಬರೀ ಚಹಾ ಕುಡಿದು ಕೂತೆ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದಕ್ಕೆ ಯಾರಾದರೂ ಒಳಗೆ ಬರಬೇಕಲ್ಲ.

ವಾರ ಕಳೆದಿತ್ತು. ಊಟದ ಹೊತ್ತಿನಲ್ಲಿ ಯಾರೋ ಹೊರಬಾಗಿಲು ತಟ್ಟಿದರು. ಚಾಚಾ. ಚಪ್ಪಲಿ ಬಿಟ್ಟು, ಟೊಪ್ಪಿಗೆ ತೆಗೆದು ಅದರ ಮೇಲಿನ ಅರಳೆ ಝಾಡಿಸಿ ಮತ್ತೆ ಇಟ್ಟುಕೊಂಡು, ಒಳಬಾಗಿಲ ಹತ್ತಿರ ನಿಂತರು.

“ಬಾಯಾರ, ನನ್ನ ಮಷಿನ್ ಕೆಟ್ಟೈತೇನ್ರಿ?”

“ಯಾಕ್ರಿ ಚಾಚಾ? ಪ್ರೋಗ್ರಾಂ ನಡಿವಲ್ದೇನು?”

“ಅದೆಲ್ಲಾ ನಡೀತೈತ್ರಿ. ಮುಂಜಾನಿ ಊಟಾ ಆತೇನಂತ ಕೇಳತಿತ್ತಲ್ಲ, ಅದು ನಿಂತೈತಿ.” ನೆಲ ನೋಡುತ್ತ ಹೇಳಿದರು: “ನಾ ಅದಕ್ಕ ದಿನಾ ಜವಾಬ ಹೊಡಿತಿದ್ದೆ. ಆತ್ರಿ ಅಂತ. ಹೊಡದ ಕೂಡ್ಲೆ ಅದು ನಾಟ್ ಫೌಂಡ್ ಅಂತಿತ್ತು. ಸುಳ್ಳ ಹೇಳಿದ್ದು ಅದಕ್ಕ ಗೊತ್ತಾಗತೈತಿ ಅಂತ ನಗತಿದ್ದೆ.”

ಅವರು ಹೊಡೆದ ‘ಆತ್ರಿ’ ಎಂಬ ಮಾತನ್ನು ಶೆಲ್ ಒಂದು ಆಜ್ಞೆಯೆಂದು ತಿಳಿದು, ಅಂಥ ಪ್ರೋಗ್ರಾಂ ಸಿಗಲಿಲ್ಲ ಎಂದು ಹೇಳುತ್ತಿತ್ತು. ಅದನ್ನು ವಿವರಿಸಲು ಹೋಗಲಿಲ್ಲ. ಅವರ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಸುಳ್ಳು ಅನ್ನುವುದೊಂದೇ.

ಆದರೂ ನನ್ನ ಸಿಟ್ಟು ಪೂರಾ ಇಳಿದಿರಲಿಲ್ಲ. “ಅದು ನಿಮ್ಮನ್ನ ಕೇಳತಿದ್ದಿಲ್ರಿ ಚಾಚಾ,” ಅಂದೆ. “ಯಾರು ಬಂದ್ರೂ ಕೇಳತಿತ್ತು. ಎಲ್ಲಾರಿಗೂ ಒಂದ ಫೈಲ್. ಅದಕ್ಕ ನಾನ ಬಂದ್ ಮಾಡೀನಿ.”

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಅವರಿಗೂ ಸಿಟ್ಟು ಬರುತ್ತದೆ ಅಂತ ಆಗಲೇ ತಿಳಿದದ್ದು. “ಎಲ್ಲಾರಿಗೂ ಕೇಳಿದ್ರ ನಿಮ್ಮ ಗಂಟೇನ ಹೋಗತಿತ್ತವ್ವಾ?”

ಏನು ಹೋಗುತ್ತಿತ್ತು? ಅವನು ಅದನ್ನು ನನಗಾಗಿ ಬರೆದಿರಲಿಲ್ಲ. ಹೌದು. ಬರೆಯದಿದ್ದರೂ ಇಷ್ಟು ದಿನ ಅದರ ಆಸರೆಯಲ್ಲಿ ನಾನು ಎದ್ದು ಬಂದಿದ್ದೆ. ಇವರೂ ಬಂದಿದ್ದರು.

“ಚಾಚಾ,” ಅಂದೆ, “ಇವತ್ತ ಊಟಾ ಮಾಡೀರೇನ್ರಿ?”

ಅವರು ತಟಕ್ಕನೆ, “ಆತ್ರಿ” ಅಂದರು. ನಾನು ಮುಖ ತಿರುವಲಿಲ್ಲ, ಕೀಲಿಮಣೆಯ ಕಡೆಗೆ ಕೈ ಒಯ್ಯಲಿಲ್ಲ. ಅವರನ್ನೇ ನೋಡುತ್ತ ಕೂತೆ. ಅವರು ಟೊಪ್ಪಿಗೆಯನ್ನು ಸರಿಮಾಡಿಕೊಂಡರು.

“ಇಲ್ರಿ,” ಅಂದರು ಆಮೇಲೆ. “ಒಬ್ಬನ ಸಲವಾಗಿ ಏನ ಒಲಿ ಹಚ್ಚೂದು ಅಂತ… ನಿಮ್ದು?”

ನನ್ನ ಬಾಯಿಗೂ ‘ಆತ್ರಿ’ ಅನ್ನುವ ಅದೇ ಮಾತು ಬಂದಿತ್ತು. ವೈನಿಗೆ, ಓಣಿಯವರಿಗೆ, ಸಾಹೇಬರಿಗೆ, ಎಲ್ಲರಿಗೂ ಹೇಳಿ ಹೇಳಿ ನಾಲಿಗೆಗೆ ರೂಢಿಯಾದದ್ದು. ಆದರೆ ಅವರು ಹೋಗಲಿಲ್ಲ. ಒಂದು ಕೈ ಬಾಗಿಲ ಮೇಲಿಟ್ಟು, ನಿಂತೇ ಇದ್ದರು.

“ನಂದೂ ಇಲ್ರಿ,” ಅಂದೆ. ಅಂದವಳು ಅತ್ತುಬಿಟ್ಟೆ. ಅವ್ವ ಸತ್ತಾಗ ನೆಂಟರೆದುರು ಅತ್ತದ್ದು ಬಿಟ್ಟರೆ ಇನ್ನೊಬ್ಬರ ಮುಂದೆ ನಾನು ಅತ್ತದ್ದು ಅದೇ.

ಇಲ್ಲಿ ನಾವಿಬ್ಬರೂ ಕೂಡಿ ಉಂಡೆವು ಎಂದು ಬರೆದರೆ ಓದುವವರಿಗೆ ಹಿತವಾದೀತು. ಉಣ್ಣಲಿಲ್ಲ. ಉಣ್ಣಲು ನನ್ನ ಹತ್ತಿರ ಡಬ್ಬಿಯೂ ಇರಲಿಲ್ಲ. ಅಳುವ ಹೆಣ್ಣುಮಗಳ ಎದುರು ಎಲ್ಲಿ ನೋಡಬೇಕೆಂದು ತಿಳಿಯದೆ ಅವರು ನನ್ನ ಪರದೆಯ ಕಡೆ ನೋಡಿದರು. ಅಲ್ಲಿ ಡಾಲರ್ ಗುರುತಿನ ಮುಂದೆ ಹಸಿರು ಚೌಕ ಮಿನುಗುತ್ತ ಕಾಯುತ್ತಿತ್ತು.

“ಅದನ್ನ ಮತ್ತ ಹಚ್ಚಿ ಬಿಡ್ರೆವ್ವಾ,” ಅಂದರು. “ಇಬ್ಬರನ್ನೂ ಕೇಳ್ಲಿ.”

ಅವರು ಚಪ್ಪಲಿ ಮೆಟ್ಟಿಕೊಂಡು ಸ್ಟೋರಿನ ಕಡೆ ಹೋದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲರಿಗೂ ಒಂದೇ ಆದ ಆ ಫೈಲನ್ನು ತೆರೆದು, ಸಾಲಿನ ಮುಂದಿದ್ದ ಗುರುತನ್ನು ತೆಗೆದೆ.